ಚೀಲದ ತೂಕ

ಬೆಳಗಿನ ಐದಕ್ಕೆ ಎದ್ದು
ಕರಿಕಾಫಿಗೆ ಹಾಕಿದ ಬೆಲ್ಲ ಕರಗುವಷ್ಟರಲ್ಲಿ
ಒಂದು ಅಧ್ಯಾಯ ಓದಿ ಮುಗಿಸುವುದು
ಮದುವೆಯಾದಾಗಿನಿಂದ ರೂಢಿ.
ಓದಿದ್ದು ಎಷ್ಟೋ ದಿನ
ತೋಟದ ಗೇಟು ದಾಟುವ ಮೊದಲೇ ಮಂಜಿಗೆ ಸೇರುತ್ತಿತ್ತು,
ಬೆಲ್ಲಕ್ಕಿಂತ ಬೇಗ.

ನಾನು ಕೃಪಾವತಿ, ಅಮ್ಮತ್ತಿಯಾಚೆಯ ತೋಟದಲ್ಲಿ ರೈಟರು.
ಹನ್ನೊಂದು ವರ್ಷದಿಂದ ಹಣ್ಣು ತೂಗುತ್ತೇನೆ.
ರೋಬಸ್ಟಾ ಕುಯ್ಲು, ಸಂಜೆ ನಾಲ್ಕು, ಕಣದ ಅಂಚಿನಲ್ಲಿ ಸಾಲು.
ಕೊಕ್ಕೆಗೆ ಚೀಲ ಸಿಕ್ಕಿಸಿ
ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿದು
ಬಂದ ತೂಕದಲ್ಲಿ ಎರಡು ಕಿಲೋ ಕಳೆದು ಬರೆಯುವುದು:
ಚೀಲಕ್ಕೊಂದು, ಇಬ್ಬನಿಗೊಂದು.
ಹಿಂದಿನ ರೈಟರು ಹೇಳಿಕೊಟ್ಟ ಲೆಕ್ಕ,
ಅವರಿಗೆ ಅವರ ಹಿಂದಿನವರು.
ಸಂಜೆ ನಾಲ್ಕಕ್ಕೆ ಎಲ್ಲಿಯ ಇಬ್ಬನಿ ಎಂದು
ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಭಾನುವಾರ ಆನಂದಪುರದ ದೇವಾಲಯದಲ್ಲಿ
ಎರಡನೆಯ ಬೆಂಚು ನನ್ನದು.
ಅಯ್ಯನವರು ಶಿಷ್ಯತ್ವ ಎಂದಾಗಲೆಲ್ಲ
ಬಲೆ ಬಿಟ್ಟು ಹೊರಟ ಗಂಡಸರ ಬೆನ್ನು ಕಾಣುತ್ತಿತ್ತು.
ಬಿಡುವುದಕ್ಕೆ ನನ್ನ ಹತ್ತಿರ ದೋಣಿ ಇರಲಿಲ್ಲ.
ಒಂದು ಪೆನ್ನು, ಒಂದು ಉದ್ದ ಪುಸ್ತಕ,
ಮಗಳ ಹಾಸ್ಟೆಲ್ ಫೀಸು.

ಈ ವರ್ಷ ಒಂದು ಮಂಗಳವಾರ
(ಅಂದು ಓದಿದ್ದು ತಕ್ಕಡಿಯ ಮಾತೇನಲ್ಲ,
ಯಾವುದೋ ವಂಶಾವಳಿ, ಬರೀ ಹೆಸರು)
ಎಲ್ಲರೂ ಹೋದ ಮೇಲೆ
ಖಾಲಿ ಚೀಲವೊಂದನ್ನು ನಲ್ಲಿಯಡಿ ನೆನೆಸಿ, ಹಿಂಡಿ
ಕೊಕ್ಕೆಗೆ ಹಾಕಿದೆ.
ಮುಳ್ಳು ಒಂದರ ಗೆರೆ ಮುಟ್ಟಲಿಲ್ಲ.
ಗಾಜು ತಟ್ಟಿ ನೋಡಿದೆ.
ಒಂಬೈನೂರು ಗ್ರಾಂ.

ಮರುದಿನದಿಂದ ಒಂದೇ ಕಿಲೋ ಕಳೆದೆ.
ಮಿಕ್ಕ ನೂರು ಗ್ರಾಂ ಭಯಕ್ಕೆ ಬಿಟ್ಟೆ, ಸುಳ್ಳೇಕೆ ಹೇಳಲಿ.
ಮೂರನೆಯ ದಿನ ಸಾಹುಕಾರರು
ಪುಸ್ತಕ ತಿರುವಿ, ಕನ್ನಡಕ ತೆಗೆದು,
"ಏನಿದು ಕೃಪಾವತಿ, ಹೊಸ ಗಣಿತ?"
"ಚೀಲ ತೂಗಿದೆ ಸಾರ್" ಎಂದೆ. ಇಲಿಮರಿಯ ದನಿ.
ಅವರು ಮೆಣಸಿನ ಬಳ್ಳಿಯ ಕಡೆ ನೋಡುತ್ತ
ಬಹಳ ಹೊತ್ತು ನಿಂತು
"ಮೊದಲೇ ಹೇಳಬಹುದಿತ್ತು ನೀನು" ಎಂದರು.
ಹೌದು. ಹನ್ನೊಂದು ವರ್ಷ ಮೊದಲೇ.

ಇಷ್ಟಕ್ಕೇ ಮುಗಿದಿದ್ದರೆ
ಭಾನುವಾರ ಎದ್ದು ಸಾಕ್ಷಿ ಹೇಳಲು ಚೆನ್ನಾಗಿರುತ್ತಿತ್ತು.
ಮನಸ್ಸಿನಲ್ಲಿ ಎರಡು ಸಲ ಹೇಳಿಯೂ ನೋಡಿದ್ದೆ,
ದನಿ ಎಲ್ಲಿ ನಡುಗಬೇಕು ಎನ್ನುವುದನ್ನೂ ಸೇರಿಸಿ.

ಆದರೆ ಮುತ್ತಿ, ಲೈನ್ ಮನೆಯ ಕೊನೆಯ ಬಾಗಿಲಿನವಳು,
"ಏನಮ್ಮಾ, ಈ ವರ್ಷ ಚೀಲ ಹಗುರವಾ?" ಎಂದಳು
ಎಲ್ಲರೆದುರು.
ಹೊಸ ಚೀಲ ಎನ್ನುವ ಮಾತು
ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು.
ಬೆಳಗಿನ ಐದರ ಆ ಮೌನ ಅಲ್ಲಿಯವರೆಗೆ ಎಲ್ಲಿತ್ತೋ,
ಎದ್ದು ಗಂಟಲಿಗೆ ಅಡ್ಡ ನಿಂತಿತು.
"ಇಲ್ಲ ಮುತ್ತಿ. ಇಷ್ಟು ವರ್ಷ ಹೆಚ್ಚು ಕಳೆದು ಬರೆದೆ.
ನಿಮ್ಮೆಲ್ಲರದ್ದೂ. ತಪ್ಪಾಯಿತು."

ಸಾಲು ಸುಮ್ಮನಾಯಿತು.
ಮುತ್ತಿ ಎಲೆಯಡಿಕೆ ಪಕ್ಕಕ್ಕೆ ಉಗಿದು
"ನಮಗೆ ಗೊತ್ತಿತ್ತಲ್ಲಮ್ಮಾ.
ಅದಕ್ಕೇ ಅಲ್ವಾ ತಳಕ್ಕೆ ಎರಡು ಹಿಡಿ ಎಲೆ, ಕಡ್ಡಿ,
ಒಂದು ಸಣ್ಣ ಕಲ್ಲು..."
ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಾಲು.
ಆಮೇಲೆ ನಾನು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ.
ಕಣದಲ್ಲಿ ಸಿಗುತ್ತಿದ್ದ ಆ ಕಲ್ಲುಗಳಿಗೆ
ಎಷ್ಟು ಬೈದಿದ್ದೆ!

ಆ ನಗು ಕ್ಷಮೆಯೋ, ಬರೀ ನಗುವೋ, ಕೇಳಲಿಲ್ಲ.
ಹಳೆಯ ಪುಸ್ತಕಗಳು ಅಟ್ಟದಲ್ಲಿವೆ.
ರಾತ್ರಿ ಒಂದೊಂದೇ ಇಳಿಸಿ ಕೂಡುತ್ತಿದ್ದೇನೆ,
ಮುತ್ತಿ, ಚೀರಿ, ಪಾಲಿ, ಪಾಲಿಯ ತಾಯಿ,
ಬರೀ ಹೆಸರುಗಳ ಉದ್ದ ವಂಶಾವಳಿ.
ಕೂಡಿ ಏನು ಮಾಡುತ್ತೇನೋ ಇನ್ನೂ ತಿಳಿಯದು.

ಇಂದು ಐದಕ್ಕೆ ಎದ್ದೆ.
ಅರ್ಧ ಓದುವಷ್ಟರಲ್ಲಿ ಸೌದೆ ಹೊಗೆಯಾಡಿತು.
ಸಂಜೆ ಆ ನೂರು ಗ್ರಾಮನ್ನೂ ಬಿಟ್ಟುಕೊಟ್ಟು ಬರೆದೆ.
ಮುತ್ತಿ ಚೀಲದ ತಳಕ್ಕೆ ಕೈ ಹಾಕಿ
ಒಂದು ಕಲ್ಲು ತೆಗೆದು
ನನ್ನ ಪುಸ್ತಕದ ಮೇಲಿಟ್ಟಳು:
"ಗಾಳಿ ಜೋರಿದೆ. ಹಾಳೆ ಹಾರಿಹೋದೀತು."